ಮೂರು ಮೊಬೈಲ್ ಕಂಪನಿಗಳದ್ದೂ ಒಂದೇ ದರ, ಬಿಲ್ಡಿಂಗ್‌ಗೆ ಒಂದೇ ಕೇಬಲ್: ನೀವೆಲ್ಲ ಏನು ಮಾಡುತ್ತಿದ್ದೀರಿ?

ಘೋಡ್‌ಬಂದರ್ ಅಕ್ಕ (ಠಾಣೆ)

ನಮಸ್ಕಾರ ಎಲ್ಲರಿಗೂ. ಎರಡು ಪ್ರಶ್ನೆ ಇವೆ, ಜೊತೆಗೆ ಸ್ವಲ್ಪ ಸಿಟ್ಟೂ ಇದೆ.

ಮೊದಲು ಮೊಬೈಲ್. ಇಲ್ಲಿ ನಾವು ನಾಲ್ಕು ಜನ, ಶಿರಸಿ ಹತ್ತಿರ ಊರಲ್ಲಿ ಅಮ್ಮ. ಅಮ್ಮನದ್ದು ಬಟನ್ ಫೋನ್. ಇಂಟರ್ನೆಟ್ ಅವರಿಗೆ ಬೇಡ. ನಾವು ಫೋನ್ ಮಾಡಿದರೆ ಎತ್ತಬೇಕು, ಗ್ಯಾಸ್ ಬುಕ್ ಮಾಡಬೇಕು, ಬ್ಯಾಂಕಿನ ಮೆಸೇಜ್ ಬರಬೇಕು. ಅಷ್ಟಕ್ಕೆ 28 ದಿನಕ್ಕೊಮ್ಮೆ ಇನ್ನೂರು ರೂಪಾಯಿ ಹಾಕುತ್ತಿದ್ದೇನೆ. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ.

ಪೋರ್ಟ್ ಮಾಡು, ಅಂದರೆ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸು ಅಂತ ತಮ್ಮ ಹೇಳುತ್ತಾನೆ. ಎಲ್ಲಿಗೆ ಮಾಡಲಿ? 2024ರ ಜುಲೈ 3ಕ್ಕೆ ಜಿಯೋ ದರ ಏರಿತು. ಅವತ್ತೇ ಏರ್‌ಟೆಲ್‌ನದ್ದೂ ಏರಿತು. ಮರುದಿನ ವಿಐ (ವೊಡಾಫೋನ್ ಐಡಿಯಾ). ಆ ಏರಿಕೆ ಆದ ಮೇಲೆ ಅತಿ ಕಡಿಮೆಯದ್ದು ಅಂದರೆ ಏರ್‌ಟೆಲ್‌ನಲ್ಲಿ 199, ವಿಐನಲ್ಲಿ 199, ಜಿಯೋದಲ್ಲಿ 189. ಹತ್ತು ರೂಪಾಯಿ ಉಳಿಸೋಕೆ ಅಮ್ಮನನ್ನು ಆಧಾರ್ ಕಾರ್ಡ್ ಕೊಟ್ಟು ಪೇಟೆಗೆ ಕಳಿಸಬೇಕಾ?

ಎರಡನೆಯದು ಮನೆಯ ಬ್ರಾಡ್‌ಬ್ಯಾಂಡ್. ನಮ್ಮದು ಹೊಸ ಟವರ್. ಬಿಲ್ಡರ್ ಒಂದೇ ಕಂಪನಿಯನ್ನು ಒಳಗೆ ಬಿಟ್ಟಿದ್ದಾನೆ. ಹೆಸರು ಬೇಡ. ಸಂಜೆ ಏಳಾದರೆ ಮಗಳ ಕ್ಲಾಸಿನ ವಿಡಿಯೋ ಸುತ್ತುತ್ತಾ ಕೂರುತ್ತದೆ. ಬೇರೆ ಕಂಪನಿಗೆ ಫೋನ್ ಮಾಡಿದರೆ 'ನಿಮ್ಮ ಏರಿಯಾದಲ್ಲಿ ಸರ್ವಿಸ್ ಇದೆ ಮೇಡಂ' ಅಂತಾರೆ. ಅವರ ಹುಡುಗ ಬಂದರೆ ವಾಚ್‌ಮನ್ ಗೇಟಲ್ಲೇ ವಾಪಸ್ ಕಳಿಸುತ್ತಾನೆ.

ಸ್ಪರ್ಧೆ ಸ್ಪರ್ಧೆ ಅಂತಾರಲ್ಲ, ಅದು ಎಲ್ಲಿದೆ?

ಮಾಟುಂಗಾ ಹಳಬ (ಮುಂಬೈ)

ತಂಗಿ, ಸ್ಪರ್ಧೆ ಇಲ್ಲದ ಕಾಲವನ್ನೂ ನೋಡಿದ್ದೇನೆ, ಇದ್ದ ಕಾಲವನ್ನೂ ನೋಡಿದ್ದೇನೆ. ಎರಡೂ ಇದೇ ಮುಂಬೈಯಲ್ಲಿ.

ದೇಶದಲ್ಲಿ ಮೊಬೈಲ್ ಶುರುವಾದದ್ದು 1995ರಲ್ಲಿ. ಮುಂಬೈಗೆ ಆಗ ಇಬ್ಬರೇ: ಮ್ಯಾಕ್ಸ್ ಟಚ್ ಮತ್ತು ಬಿಪಿಎಲ್. ನಿಮಿಷಕ್ಕೆ 16 ರೂಪಾಯಿಯವರೆಗೂ ಇತ್ತು. ಬಂದ ಕಾಲ್‌ಗೂ ದುಡ್ಡು. ನಾನು ಆಗ ಇಲ್ಲಿ ಒಂದು ಹೋಟೆಲಿನ ಲೆಕ್ಕ ಬರೆಯುತ್ತಿದ್ದೆ. ನಮ್ಮ ಧಣಿ ಮೊಬೈಲ್ ರಿಂಗ್ ಆದರೆ ನಂಬರ್ ನೋಡಿ ಕಟ್ ಮಾಡಿ, ಗಲ್ಲಾ ಪಕ್ಕದ ಸರ್ಕಾರಿ ಎಂಟಿಎನ್‌ಎಲ್ ಫೋನಿಂದ ವಾಪಸ್ ಮಾಡುತ್ತಿದ್ದರು. ಇನ್‌ಕಮಿಂಗ್ ಫ್ರೀ ಆದದ್ದು 2003ರಲ್ಲಿ.

ಆಗ ನಂಬರ್ ನೋಡಿದರೆ ಕಂಪನಿ ಗೊತ್ತಾಗುತ್ತಿತ್ತು. 98200 ಅಂದರೆ ಮ್ಯಾಕ್ಸ್ ಟಚ್, 98210 ಬಿಪಿಎಲ್, 9869 ಎಂಟಿಎನ್‌ಎಲ್‌ನ ಡಾಲ್ಫಿನ್, 9892 ಏರ್‌ಟೆಲ್. ನನ್ನದು 98200. ಅದು ಆರೆಂಜ್ ಆಯಿತು, 2005ರಲ್ಲಿ ಹಚ್ ಆಯಿತು, 2007ರಲ್ಲಿ ವೊಡಾಫೋನ್, 2018ರಲ್ಲಿ ಐಡಿಯಾ ಜೊತೆ ಸೇರಿತು, 2020ರಿಂದ ವಿಐ. ನಾನು ಕೂತಲ್ಲೇ ಕೂತಿದ್ದೇನೆ. ಒಬ್ಬರೂ ನನ್ನನ್ನು 'ನಿಮ್ಮನ್ನು ಮಾರುತ್ತಿದ್ದೇವೆ, ಆಗಬಹುದಾ' ಅಂತ ಕೇಳಲಿಲ್ಲ.

98210 ಇದ್ದವರ ಪಾಡು ಬೇರೆ. ಬಿಪಿಎಲ್ 2009ರಲ್ಲಿ ಲೂಪ್ ಆಯಿತು. 2014ರ ನವೆಂಬರ್‌ಗೆ ಅದರ ಲೈಸೆನ್ಸ್ ಮುಗಿಯುವುದಿತ್ತು. ಏರ್‌ಟೆಲ್ ಸುಮಾರು 700 ಕೋಟಿಗೆ ಕೊಳ್ಳುವ ಮಾತಾಗಿತ್ತು, ಕೊನೆ ಗಳಿಗೆಯಲ್ಲಿ ಮುರಿದುಬಿತ್ತು. ಮುಂಬೈಯಲ್ಲಿ ಮೊಬೈಲ್ ಹುಟ್ಟಿದಾಗಿನಿಂದ ಅದೇ ನಂಬರ್ ಇಟ್ಟುಕೊಂಡವರು, ವಿಸಿಟಿಂಗ್ ಕಾರ್ಡ್, ಅಂಗಡಿ ಬೋರ್ಡ್ ಎಲ್ಲದರ ಮೇಲೂ ಅದನ್ನೇ ಬರೆಸಿದವರು, ಗಡುವಿನೊಳಗೆ ಪೋರ್ಟ್ ಮಾಡಿಸಿಕೊಳ್ಳಲು ಗ್ಯಾಲರಿಗಳ ಮುಂದೆ ನಿಂತರು.

ನಡುವೆ ಕೆಲವು ವರ್ಷ ಭಾರೀ ಗದ್ದಲ ಇತ್ತು. ಏರ್‌ಟೆಲ್, ವೊಡಾಫೋನ್, ಐಡಿಯಾ, ಲೂಪ್, ರಿಲಯನ್ಸ್, ಟಾಟಾ ಡೊಕೊಮೊ, ಏರ್‌ಸೆಲ್, ಯುನಿನಾರ್, ವಿಡಿಯೋಕಾನ್, ಎಂಟಿಎನ್‌ಎಲ್. ದಾದರ್ ಸ್ಟೇಷನ್ ಹೊರಗೆ ಛತ್ರಿ ಹಾಕಿಕೊಂಡು ಸಿಮ್ ಫ್ರೀ ಹಂಚುತ್ತಿದ್ದರು. 2009ರಲ್ಲಿ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಅಂದಿತು. ಮೊದಲು ಉಳಿದವರು ನಕ್ಕರು. ಆಮೇಲೆ ಎಲ್ಲರೂ ಅದನ್ನೇ ತಂದರು. ನನ್ನ ಲೆಕ್ಕದಲ್ಲಿ ಸ್ಪರ್ಧೆ ಅಂದರೆ ಅದು.

ಹಿಂಜೆವಾಡಿ ಹುಡುಗ (ಪುಣೆ)

ಮಾಮ, ಗದ್ದಲ ಇತ್ತು ನಿಜ. ಆದರೆ ಅದರಲ್ಲಿ ಎಷ್ಟೋ ಜನ ನಿಲ್ಲೋಕೆ ಬಂದವರೇ ಅಲ್ಲ. 2008ರಲ್ಲಿ ಹಂಚಿದ 122 ಲೈಸೆನ್ಸ್‌ಗಳನ್ನು ಸುಪ್ರೀಂ ಕೋರ್ಟ್ 2012ರ ಫೆಬ್ರವರಿ 2ಕ್ಕೆ ರದ್ದು ಮಾಡಿತು. ಅಲ್ಲಿಂದಾಚೆ ತರಂಗಾಂತರ (ಸಿಗ್ನಲ್ ಹೋಗುವ ರೇಡಿಯೋ ಅಲೆ) ಬೇಕು ಅಂದರೆ ಹರಾಜಿನಲ್ಲಿ ಕೂಗಬೇಕು. ಕೂಗಿದವರು ಸಾಲ ಮಾಡಿ ಕೂಗಿದರು. ಕಾಲ್ ರೇಟ್ ಇಳಿಯುತ್ತಾ ಇತ್ತು, ಸಾಲ ಏರುತ್ತಾ ಇತ್ತು.

ಆ ಹೊತ್ತಿಗೆ 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. ಒಂದು ಜಿಬಿಗೆ ಹೆಚ್ಚುಕಡಿಮೆ 250 ರೂಪಾಯಿ ಕೊಡುತ್ತಿದ್ದ ಕಾಲದಲ್ಲಿ 2017ರ ಮಾರ್ಚ್‌ವರೆಗೆ ಎಲ್ಲವೂ ಫ್ರೀ. ಮುಂದಿನದ್ದು ಎಲ್ಲರಿಗೂ ಗೊತ್ತು. ರಿಲಯನ್ಸ್ ಕಮ್ಯುನಿಕೇಷನ್ಸ್ 2017ರ ಕೊನೆಗೆ ಕಾಲ್ ಸೇವೆ ನಿಲ್ಲಿಸಿತು. ಏರ್‌ಸೆಲ್ 2018ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಮೊದಲು ಯುನಿನಾರ್ ಆಗಿದ್ದ ಟೆಲಿನಾರ್ ಅದೇ ವರ್ಷ ಏರ್‌ಟೆಲ್ ಪಾಲಾಯಿತು, 2019ರಲ್ಲಿ ಟಾಟಾದ ಮೊಬೈಲ್ ವ್ಯವಹಾರವೂ ಅಲ್ಲೇ ಹೋಯಿತು. ವೊಡಾಫೋನ್ ಮತ್ತು ಐಡಿಯಾ ಒಂದಾದದ್ದು 2018ರ ಆಗಸ್ಟ್ 31ಕ್ಕೆ. ಒಂದಾದ ದಿನ 40 ಕೋಟಿ ಗ್ರಾಹಕರು, ದೇಶದಲ್ಲೇ ದೊಡ್ಡ ಕಂಪನಿ. ಈಗ ಸುಮಾರು 20 ಕೋಟಿ.

ನಾನು ಒಂದು ಕಾಲಕ್ಕೆ ಇಂಥದ್ದೇ ಒಂದು ಸೇರ್ಪಡೆಯ ಬಿಲ್ಲಿಂಗ್ ಕೆಲಸದಲ್ಲಿದ್ದೆ. ಯಾವ ಕಂಪನಿ ಅಂತ ಕೇಳಬೇಡಿ. ಹೊರಗೆ ಬೋರ್ಡ್ ಒಂದೇ ದಿನಕ್ಕೆ ಬದಲಾಗುತ್ತದೆ. ಒಳಗೆ ಎರಡು ಬಿಲ್ಲಿಂಗ್ ಸಿಸ್ಟಂ, ಎರಡು ಗ್ರಾಹಕ ಪಟ್ಟಿ, ಒಂದೇ ಬೀದಿಗೆ ಎರಡು ಟವರ್. ನಮ್ಮ ಕೆಲಸ ಏನಪ್ಪಾ ಅಂದರೆ ಹಳೆ ಪ್ಲಾನ್‌ಗಳ ಪಟ್ಟಿ ಎಡಕ್ಕೆ, ಹೊಸ ಪ್ಲಾನ್‌ಗಳ ಪಟ್ಟಿ ಬಲಕ್ಕೆ ಇಟ್ಟು ಗೆರೆ ಎಳೆಯುವುದು. ಎಡಗಡೆ ಯಾವುದೋ ಹಳೆ ಕಾಲದ ಅಗ್ಗದ ಪ್ಲಾನ್ ಇರುತ್ತದೆ, ಬಲಗಡೆ ಅದಕ್ಕೆ ಜೋಡಿ ಇರುವುದಿಲ್ಲ. ಆಗ 'ಹತ್ತಿರದ್ದಕ್ಕೆ ಸೇರಿಸಿ' ಅಂತ ಮೇಲಿನಿಂದ ಬರುತ್ತಿತ್ತು. ಆ ಹತ್ತಿರದ್ದು ಯಾವಾಗಲೂ ಒಂದು ಮೆಟ್ಟಿಲು ಮೇಲೇ ಇರುತ್ತಿತ್ತು, ಕೆಳಗೆ ಇದ್ದದ್ದನ್ನು ನಾನು ಕಾಣೆ.

ಬೈನಾ ಬೀಚ್ (ವಾಸ್ಕೋ)

ಎಲ್ಲರೂ ಜಿಯೋ ಬಂದು ಹಾಳಾಯಿತು ಅನ್ನೋ ಹಾಗೆ ಬರೆಯುತ್ತಿದ್ದೀರಿ. ನಮ್ಮಂಥವರ ಕಡೆಯಿಂದಲೂ ಸ್ವಲ್ಪ ನೋಡ್ರಿ.

ನಾನು ಬಾದಾಮಿ ಕಡೆಯವನು. ಇಲ್ಲಿ ಬಾಗಲಕೋಟೆ, ವಿಜಾಪುರ, ಗದಗದ ಮಂದಿ ಬಹಳ ಇದ್ದೇವೆ. ಬಂದರು, ಕಟ್ಟಡದ ಕೆಲಸ, ಮೀನಿನ ಲೋಡಿಂಗ್. ಮೊಬೈಲ್ ಲೆಕ್ಕದಲ್ಲಿ ಗೋವಾ ಮಹಾರಾಷ್ಟ್ರ ಸರ್ಕಲ್‌ಗೆ (ವಲಯಕ್ಕೆ) ಸೇರಿದ್ದು. ಕಾರವಾರ ಕರ್ನಾಟಕ ಸರ್ಕಲ್. ಗಡಿಯ ಪೋಳೆಂ ಗೇಟ್ ದಾಟಿದರೆ ಮೊದಲು ರೋಮಿಂಗ್. ಊರಿನ ಸಿಮ್ ಇಲ್ಲಿ ಇಟ್ಟುಕೊಂಡರೆ ಬಂದ ಕಾಲ್‌ಗೂ ದುಡ್ಡು ಕತ್ತರಿಸುತ್ತಿತ್ತು. ಅದಕ್ಕೇ ಎಲ್ಲರ ಹತ್ತಿರ ಎರಡೆರಡು ಸಿಮ್. ಇಲ್ಲಿಂದ ಊರಿಗೆ ಮಿಸ್ಡ್ ಕಾಲ್ ಕೊಡುವುದು, ಅವರು ಎಸ್‌ಟಿಡಿ ಬೂತ್‌ನಿಂದ ಮಾಡುವುದು.

2016ರ ನಂತರ ನಮ್ಮ ಹೆಂಗಸರು ಮಕ್ಕಳ ಮುಖ ನೋಡಿಕೊಂಡು ಮಾತಾಡಿದರು. ಆ ಫ್ರೀ ಕೊಟ್ಟದ್ದು ಯಾವ ಲೆಕ್ಕಾಚಾರಕ್ಕೋ ನನಗೆ ಬೇಕಿಲ್ಲ. ನಮಗೆ ಬಂತಲ್ಲ. ದೊಡ್ಡ ದೊಡ್ಡ ಕಂಪನಿಗಳು ಇಪ್ಪತ್ತು ವರ್ಷ ರೋಮಿಂಗ್ ಹೆಸರಲ್ಲಿ ತಿಂದದ್ದಕ್ಕೆ ಯಾರೂ ಚರ್ಚೆ ಇಟ್ಟಿರಲಿಲ್ಲ.

ಹಿಂಜೆವಾಡಿ ಹುಡುಗ (ಪುಣೆ)

ಅಣ್ಣಾ, ಫ್ರೀ ಸಿಕ್ಕಿದ್ದಕ್ಕೆ ನನ್ನ ತಕರಾರಿಲ್ಲ, ನಾನೂ ಬಳಸಿದೆ. ಆದರೆ ಆ ಎರಡನೇ ಸಿಮ್ ಈಗ ಎಲ್ಲಿ?

ಒಂದು ಲೆಕ್ಕ ಕೊಡುತ್ತೇನೆ. ಫೋನ್ ಬರೀ ರಿಂಗ್ ಆಗಲಿ ಸಾಕು ಅನ್ನುವವರಿಗೆ ಆಗುವ ಖರ್ಚು. 2018ಕ್ಕೆ ಮುಂಚೆ ಒಂದು ಸಲ ಲೈಫ್‌ಟೈಮ್ ಹಾಕಿಸಿದರೆ ಆಯಿತು, ಬಂದ ಕಾಲ್ ಬರುತ್ತಲೇ ಇರುತ್ತಿತ್ತು. 2018ರ ಕೊನೆಗೆ ಏರ್‌ಟೆಲ್, ವೊಡಾಫೋನ್ ಐಡಿಯಾ 28 ದಿನಕ್ಕೆ ಕನಿಷ್ಠ 35 ಅಂದವು. ಏರ್‌ಟೆಲ್‌ನಲ್ಲಿ ಅದು 2021ರ ಜುಲೈಗೆ 79 ಆಗಿತ್ತು. ಅದೇ ನವೆಂಬರ್‌ಗೆ 99. 2023ರ ಹೊತ್ತಿಗೆ 155, ಅದೂ 24 ದಿನಕ್ಕೆ. 2024ರಲ್ಲಿ 199. ಡೇಟಾ ಅಗ್ಗ ಆಯಿತು ಅಂತ ಪೇಪರಿನಲ್ಲಿ ಬರೆಯುತ್ತಾರೆ, ಅದು ಸುಳ್ಳಲ್ಲ. ಆದರೆ ಡೇಟಾ ಬೇಡದವನಿಗೆ ಇದೇ ಅವಧಿಯಲ್ಲಿ ಖರ್ಚು ಐದೂವರೆ ಪಟ್ಟಿಗಿಂತ ಹೆಚ್ಚಾಗಿದೆ. ಇದು ಯಾವ ಜಾಹೀರಾತಿನಲ್ಲೂ ಬರುವುದಿಲ್ಲ.

ಫ್ರೀ ಕೊಟ್ಟದ್ದನ್ನು ಯಾರೂ ಕೇಳಲಿಲ್ಲವಾ ಅಂದರೆ, ಕೇಳಿದರು. ಏರ್‌ಟೆಲ್ ಸ್ಪರ್ಧಾ ಆಯೋಗಕ್ಕೆ ಹೋಯಿತು. 2017ರ ಜೂನ್‌ನಲ್ಲಿ ಆಯೋಗ ಆ ದೂರನ್ನು ಮುಚ್ಚಿತು. ಜಿಯೋ ಹೊಸಬ, ಮಾರುಕಟ್ಟೆಯಲ್ಲಿ ಪಾಲು ಚಿಕ್ಕದು, ಹಾಗಾಗಿ ಬಲಾಢ್ಯ ಅಲ್ಲ ಅಂತ. 2018ರಲ್ಲಿ ಟೆಲಿಕಾಂ ನಿಯಂತ್ರಕ ಟ್ರಾಯ್ ತಾನೇ ಒಂದು ನಿಯಮ ಮಾಡಿತು. ಶೇ. 30ಕ್ಕಿಂತ ಹೆಚ್ಚು ಪಾಲು ಇದ್ದವರು ಸ್ಪರ್ಧಿಯನ್ನು ಮುಗಿಸಲು ದರ ಇಳಿಸಿದರೆ ದಂಡ. ಅದನ್ನು ಟೆಲಿಕಾಂ ನ್ಯಾಯಮಂಡಳಿ ಅದೇ ಡಿಸೆಂಬರ್‌ನಲ್ಲಿ ಹೊಡೆದುಹಾಕಿತು. ನೋಡಿ, ಫ್ರೀ ಕೊಡುವಾಗ ಅವರು ಚಿಕ್ಕವರು. ದೊಡ್ಡವರಾದಾಗ ಫ್ರೀ ನಿಂತಿತ್ತು. ಕಾನೂನಿಗೆ ಕೈ ಹಾಕುವ ಗಳಿಗೆಯೇ ಸಿಗಲಿಲ್ಲ.

ಇನ್ನೊಂದು ತಮಾಷೆ. 2019ರ ಡಿಸೆಂಬರ್ ಹೊತ್ತಿಗೆ ಕಂಪನಿಗಳೇ ಟ್ರಾಯ್ ಮುಂದೆ ಹೋಗಿ, ಇಷ್ಟಕ್ಕಿಂತ ಕೆಳಗೆ ಯಾರೂ ಮಾರಬಾರದು ಅಂತ ಒಂದು ತಳದ ದರ ಗೊತ್ತು ಮಾಡಿ ಅಂತ ಕೇಳಿದವು. ಟ್ರಾಯ್ ಸಮಾಲೋಚನೆ ನಡೆಸಿತು, ತಳ ಗೊತ್ತು ಮಾಡಲಿಲ್ಲ. ಈಗ ಅದರ ಅಗತ್ಯವೇ ಕಾಣುತ್ತಿಲ್ಲ.

ಮುಲುಂಡ್ ಲೋಕಲ್ (ಮುಂಬೈ)

ಅಂದರೆ ಮೂವರೂ ಕೂತು ಮಾತಾಡಿಕೊಂಡು ಏರಿಸುತ್ತಾರೆ ಅಂತಾನಾ?

ಮಾಟುಂಗಾ ಹಳಬ (ಮುಂಬೈ)

ಕೂತು ಮಾತಾಡಬೇಕು ಅಂತಿಲ್ಲ ಮಾರಾಯ. ನಮ್ಮ ಹೋಟೆಲ್ ಲೈನಿನಲ್ಲಿ ನೋಡಿಲ್ಲವಾ? ಒಂದೇ ರಸ್ತೆಯಲ್ಲಿ ಮೂರು ಉಡುಪಿ ಹೋಟೆಲ್. ಹಾಲಿಗೆ ಎರಡು ರೂಪಾಯಿ ಏರಿತು. ಒಬ್ಬ ಕಾಫಿ-ಚಹಾ ಬೋರ್ಡ್ ಒರೆಸಿ ಹೊಸ ರೇಟ್ ಬರೆದ. ಎದುರಿನವನು ಗಲ್ಲಾದಲ್ಲಿ ಕೂತೇ ಅದನ್ನು ಓದುತ್ತಾನೆ. ಸಂಜೆಗೆ ಮೂರೂ ಬೋರ್ಡ್ ಒಂದೇ. ಯಾರೂ ಯಾರಿಗೂ ಫೋನ್ ಮಾಡಿಲ್ಲ. ಆದರೆ ಅದೇ ರಸ್ತೆಯಲ್ಲಿ ಹತ್ತು ಹೋಟೆಲ್ ಇದ್ದರೆ ಒಬ್ಬನಾದರೂ 'ನಾನು ಏರಿಸಲ್ಲ, ಗಿರಾಕಿ ನನಗೆ ಬರಲಿ' ಅಂತ ಕೂರುತ್ತಾನೆ. ಆ ಒಬ್ಬ ಈಗ ಮೊಬೈಲ್‌ನಲ್ಲಿ ಇಲ್ಲ.

ಹಿಂಜೆವಾಡಿ ಹುಡುಗ (ಪುಣೆ)

ಸರಿಯಾಗಿ ಹೇಳಿದಿರಿ ಮಾಮ. ದರ ಒಂದೇ ಸಮಯಕ್ಕೆ ಏರಿತು ಅನ್ನುವುದೊಂದೇ ಆದರೆ ಸ್ಪರ್ಧಾ ಕಾನೂನಿನಲ್ಲಿ ಅಪರಾಧ ಅಲ್ಲ. ಒಪ್ಪಂದ ಆಗಿತ್ತು ಅಂತ ತೋರಿಸಬೇಕು. ಮೊಬೈಲ್ ದರವನ್ನು ಟ್ರಾಯ್ ಗೊತ್ತು ಮಾಡುವುದೂ ಇಲ್ಲ. ಕಂಪನಿ ತನಗೆ ಬೇಕಾದ ದರ ಇಡಬಹುದು, ಇಟ್ಟ ಮೇಲೆ ಏಳು ಕೆಲಸದ ದಿನದೊಳಗೆ ಟ್ರಾಯ್‌ಗೆ ತಿಳಿಸಿದರೆ ಆಯಿತು.

ಏರಿಸದೆ ಕೂತ ಆ ಒಬ್ಬ ಇದ್ದ. ಬಿಎಸ್‌ಎನ್‌ಎಲ್. 2024ರ ಜುಲೈನಲ್ಲಿ ಅದಕ್ಕೆ 29 ಲಕ್ಷದಷ್ಟು ಜನ ಹೊಸದಾಗಿ ಸೇರಿದರು, ಮೂವರು ಖಾಸಗಿಯವರೂ ಅದೇ ತಿಂಗಳು ಗ್ರಾಹಕರನ್ನು ಕಳೆದುಕೊಂಡರು. ಅಂದರೆ ಜನ ಬೆಲೆ ನೋಡಿ ಕದಲುವುದಿಲ್ಲ ಅನ್ನುವುದು ಸುಳ್ಳು. ಆದರೆ ಅದರ 4ಜಿ ದೇಶಕ್ಕೆಲ್ಲ ಅಂತ ಉದ್ಘಾಟನೆ ಆದದ್ದು 2025ರ ಸೆಪ್ಟೆಂಬರ್‌ಗೆ. ಗಿರಾಕಿ ಬಾಗಿಲಿಗೆ ಬಂದಾಗ ಅಡುಗೆ ಆಗಿರಲಿಲ್ಲ.

ಕೊಥ್ರೂಡ್ ಅತ್ತೆ (ಪುಣೆ)

ಇಷ್ಟೆಲ್ಲ ಇತಿಹಾಸ ಬರೆದಿರಿ, ಆ ಹುಡುಗಿಯ ಅಮ್ಮನ ಫೋನಿಗೆ ಉತ್ತರ ಯಾರೂ ಕೊಡಲಿಲ್ಲ. ಗಂಡಸರ ಚರ್ಚೆ ಅಂದರೆ ಹೀಗೇ.

ನೋಡಮ್ಮಾ, 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಒಂದು ಒಳ್ಳೆ ಕೆಲಸ ಮಾಡಿದೆ. ಡೇಟಾ ಇಲ್ಲದೆ ಬರೀ ಕಾಲ್ ಮತ್ತು ಎಸ್‌ಎಂಎಸ್ ಪ್ಯಾಕ್ ಇಡಲೇಬೇಕು, ಅದರ ಅವಧಿ 365 ದಿನದವರೆಗೆ ಇರಬಹುದು ಅಂತ ಆದೇಶ ಮಾಡಿತು. 2025ರ ಜನವರಿಯಲ್ಲಿ ಕಂಪನಿಗಳು ಇಟ್ಟವು. ಏರ್‌ಟೆಲ್‌ನಲ್ಲಿ 84 ದಿನಕ್ಕೆ 469, ವರ್ಷಕ್ಕೆ 1849. ಜಿಯೋದಲ್ಲಿ 84 ದಿನಕ್ಕೆ 448, 336 ದಿನಕ್ಕೆ 1748. ಈಗಿನ ದರ ಒಮ್ಮೆ ಕೇಳಿಕೊಂಡು ಹಾಕಿಸು.

ನೀನು ಹಾಕಿಸುವ 199 ಹದಿಮೂರು ಸಲ ಅಂದರೆ 2587. 1849ಕ್ಕೆ ಹೋದರೆ 738 ಉಳಿಯುತ್ತದೆ, ಮರೆತು ರೀಚಾರ್ಜ್ ತಪ್ಪುವ ಭಯವೂ ಇಲ್ಲ. ನಾನು ನಮ್ಮ ಮನೆಯವರ ಫೋನಿಗೆ ಇದನ್ನೇ ಮಾಡಿಸಿದೆ. ಅಂಗಡಿಯವನು 'ಅಂಥ ಪ್ಯಾಕೇ ಇಲ್ಲ ಆಜಿ' ಅಂದ. ಕನ್ನಡಕ ಹಾಕಿಕೊಂಡು ಅವನ ಮೊಬೈಲ್‌ನಲ್ಲೇ ಪಟ್ಟಿಯ ಕೊನೆವರೆಗೆ ಸರಿಸಿ ತೋರಿಸಿದೆ. ಇತ್ತು. ಅವನಿಗೆ ಅದರಲ್ಲಿ ಕಮಿಷನ್ ಎಷ್ಟೋ ಏನೋ, ಮುಖ ಹುಳಿ ಮಾಡಿಕೊಂಡೇ ಹಾಕಿದ.

ಪೋರ್ಟ್ ಮಾಡಲೇಬೇಕು ಅಂದರೆ ಪೋರ್ಟ್ ಅಂತ ಬರೆದು ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಬೇಕು. ಬಂದ ಕೋಡ್ ನಾಲ್ಕು ದಿನ ನಡೆಯುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಪೋರ್ಟ್ ಆಗುವ ದಿನ ಬ್ಯಾಂಕಿನ ಓಟಿಪಿ ಕೆಲಸ ಏನೂ ಇಟ್ಟುಕೊಳ್ಳಬೇಡ.

ಘೋಡ್‌ಬಂದರ್ ಅಕ್ಕ (ಠಾಣೆ)

ಅತ್ತೇ, ಇವತ್ತೇ ಹಾಕಿಸುತ್ತೇನೆ. ಇಷ್ಟು ದಿನ ಆ್ಯಪ್ ತೆರೆದರೆ ಸಿನಿಮಾ ಜೊತೆಗಿನ ಪ್ಯಾಕ್‌ಗಳೇ ಮುಖಕ್ಕೆ ಬರುತ್ತಿದ್ದವು.

ಬ್ರಾಡ್‌ಬ್ಯಾಂಡ್ ಬಗ್ಗೆ ಯಾರಾದರೂ?

ಡೊಂಬಿವಲಿ ಕೇಬಲ್

ನಾನು ಹೇಳುತ್ತೇನೆ. ಇಲ್ಲಿ ಕೇಬಲ್, ಈಗ ಫೈಬರ್ ನಡೆಸುತ್ತಿದ್ದೇನೆ. ಮೂಲ ಕುಂದಾಪುರ. ನಾನು ಕಂಪನಿ ಅಲ್ಲ, ಕಂಪನಿಯ ಲೈನ್ ತೆಗೆದುಕೊಂಡು ಮನೆಗೆ ಮುಟ್ಟಿಸುವವನು. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಸ್ವಾರ್ಥ ಇದೆ ಅಂತಲೇ ಇಟ್ಟುಕೊಂಡು ಓದಿ.

ಮೊದಲು ನಿಮ್ಮ ಸಂಜೆ ಏಳರ ಸಮಸ್ಯೆ. ನಮ್ಮ ಆಫೀಸಿನಿಂದ ಒಂದು ಫೈಬರ್ ಎಳೆ ಹೊರಡುತ್ತದೆ. ನಿಮ್ಮ ಬಿಲ್ಡಿಂಗ್‌ನ ಶಾಫ್ಟ್‌ನಲ್ಲಿ (ವೈರು, ಪೈಪು ಮೇಲಿನಿಂದ ಕೆಳಗೆ ಹೋಗುವ ಕಿಂಡಿ) ಒಂದು ಚಿಕ್ಕ ಡಬ್ಬಿ ಇರುತ್ತದೆ, ಸ್ಪ್ಲಿಟರ್. ಒಂದು ಎಳೆ ಅಲ್ಲಿ ಎಂಟೋ ಹದಿನಾರೋ ಆಗಿ ಮನೆಮನೆಗೆ ಹೋಗುತ್ತದೆ. ಲೈನ್ ಚೆಕ್ ಮಾಡುವ ಹುಡುಗನ ಹತ್ತಿರ ಎಳೆಯಲ್ಲಿ ಬರುವ ಬೆಳಕು ಅಳೆಯುವ ಪವರ್ ಮೀಟರ್ ಇರುತ್ತದೆ. ಅದರಲ್ಲಿ ಮೈನಸ್ 20ರ ಆಸುಪಾಸು ತೋರಿಸಿದರೆ ಬೆಳಕು ಚೆನ್ನಾಗಿ ಬರುತ್ತಿದೆ ಅಂತ. ಮೈನಸ್ 27 ದಾಟಿದರೆ ರೌಟರ್‌ನಲ್ಲಿ ಕೆಂಪು ದೀಪ ಮಿಣುಕುತ್ತದೆ. ಎಲ್ಲೋ ಎಳೆ ಮಡಚಿದೆ, ಇಲ್ಲ ಇಲಿ ಕಚ್ಚಿದೆ, ಇಲ್ಲ ಎಸಿ ಕೂರಿಸುವವನು ಎಳೆದಿದ್ದಾನೆ.

ನಿಮ್ಮದು ಬೆಳಗ್ಗೆ ಸರಿ ಇದ್ದು ಸಂಜೆ ಮಾತ್ರ ಸುತ್ತುತ್ತಿದ್ದರೆ ವೈರಿನ ತಪ್ಪಲ್ಲ. ವೈಫೈ ಬಿಟ್ಟು, ಲ್ಯಾನ್ ವೈರ್ ಚುಚ್ಚಿ ಬೆಳಗ್ಗೆ ಆರಕ್ಕೂ ರಾತ್ರಿ ಒಂಬತ್ತಕ್ಕೂ ಸ್ಪೀಡ್ ನೋಡಿ. ಎರಡಕ್ಕೂ ತುಂಬ ವ್ಯತ್ಯಾಸ ಬಂದರೆ ಕಂಪನಿ ಮೇಲಿನಿಂದ ಬ್ಯಾಂಡ್‌ವಿಡ್ತ್ (ಡೇಟಾ ಹರಿಯುವ ಸಾಮರ್ಥ್ಯ) ಕಡಿಮೆ ಕೊಂಡಿದೆ ಅಂತ ಅರ್ಥ. ಎಲ್ಲರೂ ಒಟ್ಟಿಗೆ ಬಳಸುವುದಿಲ್ಲ ಅನ್ನುವ ಅಂದಾಜಿನ ಮೇಲೆ ಎಲ್ಲರೂ ಕಡಿಮೆಯೇ ಕೊಳ್ಳುತ್ತಾರೆ, ನಾನೂ. ಎಷ್ಟು ಕಡಿಮೆ ಅನ್ನುವುದು ಪ್ರಶ್ನೆ. ಗಿರಾಕಿಗಳ ದೂರು ಜಾಸ್ತಿ ಆದರೆ ನಾನು ಇನ್ನಷ್ಟು ಕೊಳ್ಳುತ್ತೇನೆ, ಯಾಕೆಂದರೆ ಪಕ್ಕದ ಫ್ರಾಂಚೈಸಿಯವನು ಕಾದು ಕೂತಿದ್ದಾನೆ. ನಿಮ್ಮ ಬಿಲ್ಡಿಂಗ್‌ನಲ್ಲಿರುವವನಿಗೆ ಆ ತಲೆಬಿಸಿ ಇಲ್ಲ. ನೀವು ಹೋಗುವುದಾದರೂ ಎಲ್ಲಿಗೆ?

ಇನ್ನು ಗೇಟಿನ ವಿಷಯ. ಹೊಸ ಟವರ್ ಕಟ್ಟುವಾಗಲೇ ಬಿಲ್ಡರ್ ಒಂದು ಕಂಪನಿ ಜೊತೆ ಮಾತು ಮುಗಿಸುತ್ತಾನೆ. ಒಳಗಿನ ಪೈಪು, ಶಾಫ್ಟು ಎಲ್ಲ ಅವರದ್ದೇ. ಆಮೇಲೆ ಬರುವವನು ಒಳಗೆ ಹೋಗಬೇಕಾದರೆ ಒಂದೋ ಮನೆಗೆ ಇಷ್ಟು ಅಂತ ಕೊಡಬೇಕು, ಇಲ್ಲ ವರ್ಷಕ್ಕೆ ಇಷ್ಟು. ಹಳೆ ಬಿಲ್ಡಿಂಗ್‌ಗಳಲ್ಲಿ ಸೊಸೈಟಿಯವರು (ಫ್ಲ್ಯಾಟ್ ಮಾಲೀಕರ ಸಂಘ) ಕೇಳುತ್ತಾರೆ, ಗಣಪತಿ ಪೆಂಡಾಲ್‌ಗೆ ಅಂತಲೂ ಕೇಳುತ್ತಾರೆ. ಈ ದುಡ್ಡು ನನ್ನಂಥವನಿಗೆ ಭಾರ, ದೊಡ್ಡ ಕಂಪನಿಗೆ ಚಿಲ್ಲರೆ.

2018ರ ಅಕ್ಟೋಬರ್‌ನಲ್ಲಿ ಜಿಯೋದ ರಿಲಯನ್ಸ್, ಡೆನ್ ಮತ್ತು ಹಾಥ್‌ವೇ ಅನ್ನುವ ದೊಡ್ಡ ಕೇಬಲ್ ಕಂಪನಿಗಳು ಎರಡರಲ್ಲೂ ಹೆಚ್ಚಿನ ಷೇರು ಕೊಂಡಿತು. ನಮ್ಮ ಲೈನಿನಲ್ಲಿ ಅವತ್ತು ರಾತ್ರಿ ಯಾರಿಗೂ ನಿದ್ದೆ ಇಲ್ಲ. ನಮಗೆ ಸಿಗ್ನಲ್ ಕೊಡುವವನೇ ಇನ್ನು ಮುಂದೆ ನಮ್ಮ ಗಿರಾಕಿಗೆ ನೇರವಾಗಿ ಮಾರಬಹುದು ಅಂತ. ಮರುವರ್ಷ ಜಿಯೋ ಫೈಬರ್ ಬಂತು, 2020ಕ್ಕೆ 399ರ ಪ್ಲಾನ್. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 471. ಮೊಬೈಲ್ ರೀಚಾರ್ಜ್‌ನಲ್ಲಿ ತೆರಿಗೆ ಸೇರಿಸಿ ಬೆಲೆ ಹೇಳುತ್ತಾರೆ, ಬ್ರಾಡ್‌ಬ್ಯಾಂಡ್‌ನಲ್ಲಿ ಬಿಟ್ಟು ಹೇಳುತ್ತಾರೆ. ಹೋಲಿಸುವಾಗ ಜ್ಞಾಪಕ ಇರಲಿ.

ನಾನು ಹೇಗೆ ಉಳಿದೆ? ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ ಹುಡುಗ ಸೈಕಲ್ ಹತ್ತಿ ಹೋಗುತ್ತಾನೆ. ಅಷ್ಟೇ.

ಮುಲುಂಡ್ ಲೋಕಲ್ (ಮುಂಬೈ)

ಕಾಕಾ, ಮಾತು ಚೆನ್ನಾಗಿದೆ. ಆದರೆ ದೊಡ್ಡ ಕಂಪನಿಗಳು ಬರುವುದಕ್ಕೆ ಮುಂಚೆ ನಿಮ್ಮವರು ಮಾಡಿದ್ದು ಏನು? ಈ ಗಲ್ಲಿ ನಿನ್ನದು, ಆ ಗಲ್ಲಿ ನನ್ನದು ಅಂತ ಹಂಚಿಕೊಂಡಿದ್ದಿರಿ. ನಮ್ಮ ಚಾಳ್‌ನ ಮನೆಗಳಿಗೆ ಇನ್ನೊಬ್ಬ ಕೇಬಲ್‌ನವನು ಬಂದರೆ ರಾತ್ರೋರಾತ್ರಿ ಅವನ ವೈರ್ ತುಂಡಾಗುತ್ತಿತ್ತು. ದರ ಏರಿಸಿದರೆ ಕೇಳುವವರಿಲ್ಲ. ರಸೀದಿ ಕೇಳಿದರೆ ನಗುತ್ತಿದ್ದರು. ಚಿಕ್ಕವರ ಏಕಸ್ವಾಮ್ಯ ಒಳ್ಳೆಯದು, ದೊಡ್ಡವರದ್ದು ಕೆಟ್ಟದು ಅಂತ ನನಗೆ ಒಪ್ಪಿಸಬೇಡಿ.

ಡೊಂಬಿವಲಿ ಕೇಬಲ್

ಸುಳ್ಳು ಅನ್ನುವುದಿಲ್ಲ. ಗಲ್ಲಿ ಹಂಚಿಕೆ ಇತ್ತು, ಕೆಲವು ಕಡೆ ಈಗಲೂ ಇದೆ. ವೈರ್ ತುಂಡಾಗುವುದೂ ನಿಂತಿಲ್ಲ, ಕಳೆದ ವರ್ಷ ನನ್ನದೂ ತುಂಡಾಗಿದೆ. ಯಾರು ಅಂತ ನನಗೂ ಗೊತ್ತು, ಅವನಿಗೂ ಗೊತ್ತು. ಒಂದು ವ್ಯತ್ಯಾಸ ಮಾತ್ರ ಹೇಳುತ್ತೇನೆ. ನನ್ನ ಮೇಲೆ ಸಿಟ್ಟು ಬಂದರೆ ನೀವು ಅಂಗಡಿಗೆ ಬಂದು ಬಯ್ಯಬಹುದು.

ನಿರ್ವಾಹಕರು

ವೈರ್ ಯಾರು ಕತ್ತರಿಸಿದರು ಅನ್ನುವುದು ಇಲ್ಲಿಗೇ ಸಾಕು. ಸ್ವಂತ ದೂರು ಬರೆಯುವವರು ಕಂಪನಿ ಹೆಸರು ಬಿಟ್ಟು ಬರೆಯಿರಿ.

ಹಿಂಜೆವಾಡಿ ಹುಡುಗ (ಪುಣೆ)

ಕಾಕಾ ಬರೆದದ್ದು ಓದಿದ ಮೇಲೆ ನನಗೆ ಒಂದು ಅನ್ನಿಸುತ್ತಿದೆ. ಮೊಬೈಲ್‌ನಲ್ಲಿ ಬಿಟ್ಟುಹೋಗುವುದು ಸುಲಭ. 2011ರಿಂದ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಬಹುದು, 2015ರಿಂದ ಸರ್ಕಲ್ ದಾಟಿದರೂ ನಂಬರ್ ಉಳಿಯುತ್ತದೆ. ಆದರೆ ಹೋದಲ್ಲಿ ಬೇರೆ ದರ ಇಲ್ಲ. ಬ್ರಾಡ್‌ಬ್ಯಾಂಡ್‌ನಲ್ಲಿ ಉಲ್ಟಾ. ಒಂದೊಂದು ಊರಲ್ಲಿ ಹತ್ತಾರು ಕಂಪನಿ, ದರವೂ ಬೇರೆ ಬೇರೆ. ಆದರೆ ಗೇಟಿನೊಳಗೆ ಒಬ್ಬನೇ. ನಾವು ಎರಡನ್ನೂ ಸ್ಪರ್ಧೆ ಇಲ್ಲ ಅಂತ ಒಂದೇ ಬಾಯಲ್ಲಿ ಹೇಳುತ್ತೇವೆ. ಮೊದಲನೆಯದಕ್ಕೆ ನಾಲ್ಕನೆಯ ಗಟ್ಟಿ ಕಂಪನಿ ಬೇಕು. ಎರಡನೆಯದಕ್ಕೆ ಗೇಟಿನ ಕೀಲಿ ಸಾಕು.

ನಾಲ್ಕನೆಯದು ಬರುವುದು ಕಷ್ಟ ಅಂತ ನನ್ನ ಲೆಕ್ಕ. 2019ರ ಅಕ್ಟೋಬರ್ 24ಕ್ಕೆ ಸುಪ್ರೀಂ ಕೋರ್ಟ್ ಕಂಪನಿಗಳ ಎಲ್ಲ ಆದಾಯದ ಮೇಲೂ ಸರ್ಕಾರಕ್ಕೆ ಪಾಲು ಕೊಡಬೇಕು ಅಂದ ಮೇಲೆ ವಿಐ ಏಳಲಾರದೆ ಕೂತಿತು. ವಿಐ ಕೊಡಬೇಕಿದ್ದ ಬಾಕಿಯನ್ನು ಷೇರಾಗಿ ಮಾಡಿ 2023ರಲ್ಲಿ ಶೇ. 33, 2025ರ ಏಪ್ರಿಲ್‌ಗೆ ಶೇ. 49ರಷ್ಟು ಸರ್ಕಾರ ತೆಗೆದುಕೊಂಡಿತು. ಬಿಎಸ್‌ಎನ್‌ಎಲ್ ಪೂರ್ತಿ ಸರ್ಕಾರದ್ದು. ಅಂದರೆ ನಾಲ್ಕು ಕಂಪನಿಗಳಲ್ಲಿ ಒಂದು ಪೂರ್ತಿ, ಒಂದು ಅರ್ಧ ಸರ್ಕಾರದ್ದು. ತರಂಗಾಂತರ ಹರಾಜು ಹಾಕುವುದೂ ಅದೇ ಸರ್ಕಾರ. ದರ ಇಳಿಯಲಿ ಅಂತ ಅದಕ್ಕೆ ನಿಜವಾಗಿ ಅನ್ನಿಸುತ್ತದಾ, ನೀವೇ ಹೇಳಿ.

ಬೈನಾ ಬೀಚ್ (ವಾಸ್ಕೋ)

ನಮ್ಮ ಓಣಿಗೆ ಫೈಬರ್ ಬರುವುದೇ ಇಲ್ಲ, ಶಾಫ್ಟು ಗೀಫ್ಟು ಎಲ್ಲಿಂದ ಬರಬೇಕು. ಈ ಗೋಡೆ ಮೇಲೆ ಹಾಕುವ 5ಜಿ ಡಬ್ಬಿ, ಏರ್‌ಫೈಬರ್ ಅಂತಾರಲ್ಲ, ಅದು ಮಳೆಗಾಲದಲ್ಲಿ ನಡೆಯುತ್ತದಾ? ಇಲ್ಲಿ ಜೂನ್ ಬಂದರೆ ಕರೆಂಟೇ ಗ್ಯಾರಂಟಿ ಇಲ್ಲ.

ಡೊಂಬಿವಲಿ ಕೇಬಲ್

ಮಳೆಗಿಂತ ಟವರ್ ಎಷ್ಟು ದೂರ, ನಡುವೆ ಏನಿದೆ ಅನ್ನುವುದು ಮುಖ್ಯ. ಟವರ್ ಕಣ್ಣಿಗೆ ಕಾಣುವ ಹಾಗಿದ್ದರೆ ನಡೆಯುತ್ತದೆ. ತೆಂಗಿನ ತೋಟ ಅಡ್ಡ ಇದ್ದರೆ ಕಷ್ಟ. ಡಬ್ಬಿಗೆ ಒಂದು ಚಿಕ್ಕ ಯುಪಿಎಸ್ ಹಾಕಿಸಿ. ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ, ಮೊದಲು ಚಿಕ್ಕ ಅವಧಿಗೆ ತೆಗೆದುಕೊಂಡು ಒಂದು ಮಳೆ ನೋಡಿ.

ಘೋಡ್‌ಬಂದರ್ ಅಕ್ಕನಿಗೂ ಅದೊಂದು ದಾರಿ, ಆದರೆ ಟವರ್‌ಗಳಲ್ಲಿ ಹೊರಗೋಡೆಗೆ ಡ್ರಿಲ್ ಮಾಡಬಾರದು ಅಂತ ಇನ್ನೊಂದು ತಕರಾರು ತೆಗೆಯುತ್ತಾರೆ.

ಘೋಡ್‌ಬಂದರ್ ಅಕ್ಕ (ಠಾಣೆ)

ಡ್ರಿಲ್ ತಕರಾರು ಈಗಾಗಲೇ ನೋಟಿಸ್ ಬೋರ್ಡಿನಲ್ಲಿದೆ ಕಾಕಾ. ನಾನು ವಾರ್ಷಿಕ ಸಭೆಯಲ್ಲಿ ವಿಷಯ ಇಡೋಣ ಅಂತಿದ್ದೇನೆ. ಹೇಗೆ ಬರೆಯಲಿ? ಟ್ರಾಯ್‌ಗೆ ದೂರು ಕೊಟ್ಟರೆ ಆಗುತ್ತದಾ?

ಕೊಥ್ರೂಡ್ ಅತ್ತೆ (ಪುಣೆ)

ಟ್ರಾಯ್ ಒಬ್ಬೊಬ್ಬರ ದೂರು ತೆಗೆದುಕೊಳ್ಳುವುದಿಲ್ಲಮ್ಮಾ. ಮೊದಲು ಕಂಪನಿಯಲ್ಲಿ ದೂರು ಹಾಕಿ ನಂಬರ್ ತಗೋ. ಆಮೇಲೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿ. ಅಲ್ಲೂ ಆಗದಿದ್ದರೆ ಗ್ರಾಹಕ ಆಯೋಗ. ಟೆಲಿಕಾಂ ದೂರು ಅಲ್ಲಿ ನಡೆಯುವುದಿಲ್ಲ ಅಂತ ಕಂಪನಿಗಳು ವಾದ ಮಾಡುತ್ತಿದ್ದವು, 2022ರಲ್ಲಿ ಸುಪ್ರೀಂ ಕೋರ್ಟ್ ನಡೆಯುತ್ತದೆ ಅಂದಿದೆ. ಆದರೆ ಅದು ಸ್ಪೀಡಿನ ದೂರಿಗೆ. ಗೇಟಿನ ಜಗಳ ಸೊಸೈಟಿಯಲ್ಲೇ ಆಗಬೇಕು.

ಡೊಂಬಿವಲಿ ಕೇಬಲ್

ಹೌದು. ಇಷ್ಟು ಬರೆಯಿರಿ: 'ಲೈಸೆನ್ಸ್ ಇರುವ ಯಾವ ಇಂಟರ್ನೆಟ್ ಕಂಪನಿಗಾದರೂ ಒಂದೇ ಷರತ್ತಿನ ಮೇಲೆ ಶಾಫ್ಟ್ ಬಳಸಲು ಬಿಡಬೇಕು. ಒಂದೇ ಕಂಪನಿಗೆ ಮಾತ್ರ ಅಂತ ಯಾವ ಒಪ್ಪಂದವನ್ನೂ ಸೊಸೈಟಿ ಮಾಡಬಾರದು, ಮುಂದುವರಿಸಲೂಬಾರದು. ಗೋಡೆ ಹಾಳಾದರೆ ಹಾಕಿದವರೇ ಸರಿ ಮಾಡಬೇಕು, ಅದಕ್ಕೆ ಠೇವಣಿ ಇಡಬೇಕು.' ಠೇವಣಿ ಮಾತು ಸೇರಿಸಿದರೆ ಖಜಾಂಚಿ ನಿಮ್ಮ ಕಡೆ ಆಗುತ್ತಾನೆ. ವಾರ್ಷಿಕ ಸಭೆಯ ನೋಟಿಸ್‌ಗೆ 14 ದಿನ ಬೇಕು, ಅದಕ್ಕೆ ಮುಂಚೆಯೇ ಕಾರ್ಯದರ್ಶಿ ಕೈಗೆ ಕೊಟ್ಟು ಪ್ರತಿಯ ಮೇಲೆ ಸಹಿ ತಗೊಳ್ಳಿ.

2024ರಲ್ಲಿ ಟ್ರಾಯ್ ಕಟ್ಟಡಗಳಿಗೆ ಇಂಟರ್ನೆಟ್ ಸೌಕರ್ಯದ ಮೇಲೆ ಸ್ಟಾರ್ ಕೊಡುವ ನಿಯಮ ತಂದಿದೆ. ಕಡ್ಡಾಯ ಅಲ್ಲ, ಆದರೆ ಸಭೆಯಲ್ಲಿ ಓದಿ. ಫ್ಲ್ಯಾಟಿನ ರೇಟ್ ಏರುತ್ತದೆ ಅಂದರೆ ಕೈ ಎತ್ತುವವರು ಜಾಸ್ತಿ.

ಒಂದು ವಿಷಯ ಮೊದಲು ಪತ್ತೆ ಮಾಡಿ. ಶಾಫ್ಟ್ ಕೀಲಿ ಯಾರ ಹತ್ತಿರ ಇದೆ?

ಘೋಡ್‌ಬಂದರ್ ಅಕ್ಕ (ಠಾಣೆ)

ಬಿಲ್ಡರ್‌ನ ಎಲೆಕ್ಟ್ರಿಷಿಯನ್ ಹತ್ತಿರ. ಸೊಸೈಟಿ ರಿಜಿಸ್ಟರ್ ಆಗಿದೆ, ಕನ್ವೇಯನ್ಸ್ (ಜಾಗ, ಕಟ್ಟಡ ಬಿಲ್ಡರ್‌ನಿಂದ ಸೊಸೈಟಿ ಹೆಸರಿಗೆ ಆಗುವುದು) ಇನ್ನೂ ಆಗಿಲ್ಲ.

ಡೊಂಬಿವಲಿ ಕೇಬಲ್

ಹಾಗಾದರೆ ಸಭೆಯಲ್ಲಿ ಎರಡು ಠರಾವು ಬೇಕು. ಕನ್ವೇಯನ್ಸ್‌ದು ಮೊದಲು ಇಡಿ. ಅದಕ್ಕೆ ವಕೀಲರು ಬೇಕಾಗುತ್ತಾರೆ, ಅದು ನನ್ನ ಕೈಯ ಕೆಲಸ ಅಲ್ಲ. ಇಲ್ಲಿ ಯಾರಾದರೂ ಬಿಲ್ಡರ್ ಕೈಯಿಂದ ಕನ್ವೇಯನ್ಸ್ ಮಾಡಿಸಿಕೊಂಡವರು ಇದ್ದರೆ ಬರೆಯಿರಿ.